ಮಡಿಕೇರಿಯ ಗದ್ದಿಗೆ: ಅಬ್ಬಿಗೆ ಹೋಗುವವರು ದಯವಿಟ್ಟು ಅರ್ಧ ಗಂಟೆ ಇಲ್ಲೂ ಇಳಿಯಿರಿ

ಮಹಾದೇವಪೇಟೆಯವ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಮಡಿಕೇರಿಯ ಮಹಾದೇವಪೇಟೆಯಲ್ಲಿ. ಈಗ ಕೆಲಸ ಮೈಸೂರಿನಲ್ಲಿ. ಹೋದ ಭಾನುವಾರ ಊರಿಗೆ ಬಂದಿದ್ದೆ. ಅಕ್ಕನ ಮಗಳು ಆರನೇ ಕ್ಲಾಸು. "ಮಾವ, ಗದ್ದಿಗೆ ತೋರಿಸು, ಶಾಲೆಯಲ್ಲಿ ಅದರ ಬಗ್ಗೆ ಬರೆಯೋಕೆ ಹೇಳಿದ್ದಾರೆ" ಅಂದಳು. ಕರೆದುಕೊಂಡು ಹೋದೆ.

ನಾವು ಅಲ್ಲಿದ್ದ ಒಂದೂವರೆ ಗಂಟೆಯಲ್ಲಿ ಆರು ಗಾಡಿ ಬಂದವು. ಎಲ್ಲರೂ ಅಬ್ಬಿ ಜಲಪಾತದ ಕಡೆ ಹೊರಟವರು. ಇಳಿದರು, ಗುಮ್ಮಟದ ಮುಂದೆ ನಿಂತು ಫೋಟೋ ತೆಗೆದರು, ಹೊರಟರು. ಒಬ್ಬರು ನನ್ನನ್ನೇ ಕೇಳಿದರು, "ಇಲ್ಲಿ ನೋಡೋಕೆ ಏನಿದೆ?" ಅಂತ. ಅವರ ಮೇಲೆ ನನಗೆ ಬೇಸರ ಇಲ್ಲ. ಅವರಿಗೆ ಹೇಳುವವರು ಯಾರೂ ಇರಲಿಲ್ಲ, ಅಷ್ಟೇ. ಊರಿನವನಾದ ನಾನೂ ಆ ಹೊತ್ತಿಗೆ ತಡವರಿಸಿದೆ. "ರಾಜರ ಸಮಾಧಿ" ಅಂದು ಸುಮ್ಮನಾದೆ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಜಾಗದ ಬಗ್ಗೆ. ಗದ್ದಿಗೆ ಇರುವುದು ಪೇಟೆಯ ಉತ್ತರಕ್ಕೆ, ಒಂದು ದಿಬ್ಬದ ಮೇಲೆ. ಅಬ್ಬಿ ರಸ್ತೆ ಅದರ ಪಕ್ಕದಲ್ಲೇ ಹೋಗುತ್ತದೆ. ಮೇಲೆ ನಿಂತು ತಿರುಗಿದರೆ ಮಡಿಕೇರಿ ಇಡೀ ಕಣ್ಣಿಗೆ ಬೀಳುತ್ತದೆ. ಹೆಂಚಿನ ಮನೆಗಳು, ಅದರಾಚೆ ಒಂದರ ಹಿಂದೆ ಒಂದು ಬೆಟ್ಟ. ನಾವು ಹೋದಾಗ ಬೆಳಿಗ್ಗೆ ಎಂಟು ಗಂಟೆ. ಮಂಜು ಇನ್ನೂ ಕೂತಿತ್ತು. ದಾರಿಯಿಂದ ನೋಡಿದರೆ ಕಟ್ಟಡ ಕಾಣಲೇ ಇಲ್ಲ. ಹತ್ತಿರ ಹೋದ ಹಾಗೆ ಮೊದಲು ಗುಮ್ಮಟ ಕಂಡಿತು, ಆಮೇಲೆ ನಾಲ್ಕು ಮೂಲೆಯ ಗೋಪುರ, ಆಮೇಲೆ ಮೂಲೆಯಲ್ಲಿ ಕೂತ ನಂದಿ. ಹುಡುಗಿ ಅಲ್ಲೇ ನಿಂತುಬಿಟ್ಟಳು.

ಅಕ್ಕಪಕ್ಕ ಎರಡು ದೊಡ್ಡ ಕಟ್ಟಡಗಳಿವೆ. ಒಂದು ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹಾದೇವಮ್ಮಾಜಿಯವರದು. ಇನ್ನೊಂದು ಅವರ ತಮ್ಮ ಲಿಂಗರಾಜೇಂದ್ರರದು. ಇದನ್ನು ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಕಟ್ಟಿಸಿದ. ಮೂರನೆಯದು ರಾಜಗುರು ರುದ್ರಪ್ಪನವರದು, 1834ರದು. ಸ್ವಲ್ಪ ಆಚೆಗೆ ಬಿದ್ದಂಡ ಬೋಪು ಮತ್ತು ಮಗ ಸೋಮಯ್ಯ ಅವರ ಸಮಾಧಿಗಳು. ಗಾಡಿಯಲ್ಲಿ ಬಂದವರಲ್ಲಿ ಒಬ್ಬರೂ ಅಲ್ಲಿವರೆಗೆ ನಡೆಯಲಿಲ್ಲ.

ಕಿಟಕಿಗಳನ್ನು ಹತ್ತಿರದಿಂದ ನೋಡಿ. ಹಿತ್ತಾಳೆಯ ಸರಳುಗಳು. ಚೌಕಟ್ಟಿನ ಕಲ್ಲಿನಲ್ಲಿ ಕೆತ್ತನೆ. ನಾವು ಹೋದಾಗ ಬಾಗಿಲು ಮುಚ್ಚಿತ್ತು. ಹುಡುಗಿ ಸರಳಿಗೆ ಹಣೆ ಇಟ್ಟು ಒಳಗೆ ನೋಡಿದಳು. ಕತ್ತಲೆಗೆ ಕಣ್ಣು ಹೊಂದಿಕೊಳ್ಳೋಕೆ ಒಂದು ನಿಮಿಷ ಬೇಕು. ಆ ಒಂದು ನಿಮಿಷ ಯಾರೂ ಕೊಡುತ್ತಿಲ್ಲ ಅನ್ನುವುದೇ ನನ್ನ ನೋವು.

ರಾಜರು ಮಲಗಿರುವ ಜಾಗ ಅದು. ಅವರ ಬಗ್ಗೆ ನಿಮಗೆ ಗೊತ್ತಿರುವುದನ್ನು ಇಲ್ಲಿ ಬರೆಯಿರಿ. ಮುಂದೆ ಯಾರಾದರೂ "ಏನಿದೆ ಅಲ್ಲಿ" ಅಂತ ಕೇಳಿದರೆ ಇದನ್ನೇ ಓದೋಕೆ ಕೊಡಬಹುದು.

ಬೈಕ್ ದಾರಿ

ಸರ್, ನಾನು ಬೆಂಗಳೂರು. ಎರಡು ವರ್ಷದ ಹಿಂದೆ ಆ ದಾರಿಯಲ್ಲಿ ಹೋಗಿದ್ದೆ. ನಿಜ ಹೇಳುತ್ತೇನೆ, ದೂರದಿಂದ ನೋಡಿ ಮಸೀದಿ ಅಂದುಕೊಂಡೆ. ಶುಕ್ರವಾರ ಬೇರೆ. ನಮಾಜಿನ ಹೊತ್ತಿಗೆ ತೊಂದರೆ ಕೊಡಬಾರದು ಅಂತ ಗಾಡಿ ನಿಲ್ಲಿಸದೆ ಮುಂದೆ ಹೋದೆ. ಜೊತೆಗಿದ್ದವನು ಟಿಪ್ಪು ಕಟ್ಟಿಸಿದ್ದು ಅಂದ. ನಾನೂ ನಂಬಿದ್ದೆ. ನಿಮ್ಮ ಬರಹ ಓದಿದ ಮೇಲೆ ಗೊತ್ತಾಯಿತು. ಹಾಗಾದರೆ ಗುಮ್ಮಟ ಯಾಕೆ ಆ ಥರ?

ನಿವೃತ್ತ ಮೇಷ್ಟ್ರು

ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡದ್ದು 1799ರ ಮೇ 4ರಂದು. ಲಿಂಗರಾಜರ ಗದ್ದಿಗೆ ಕಟ್ಟಿದ್ದು 1820ರಲ್ಲಿ. ನಡುವೆ 21 ವರ್ಷ. ಅವರು ಕಟ್ಟಿಸಿರೋಕೆ ಸಾಧ್ಯವೇ ಇಲ್ಲ. ಅಷ್ಟೇ ಅಲ್ಲ, ಈ ಗದ್ದಿಗೆಯಲ್ಲಿರುವ ದೊಡ್ಡವೀರರಾಜರು ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರು.

ಗುಮ್ಮಟದ ಪ್ರಶ್ನೆ ಒಳ್ಳೆಯದು. ಆ ಕಾಲದಲ್ಲಿ ದೊಡ್ಡವರ ಸಮಾಧಿ ಅಂದರೆ ಗುಮ್ಮಟ ಅನ್ನುವುದು ನಮ್ಮ ಸೀಮೆಯಲ್ಲಿ ರೂಢಿಯಾಗಿತ್ತು. ವಿಜಯಪುರದ ಗೋಳಗುಮ್ಮಟದಿಂದ ಶ್ರೀರಂಗಪಟ್ಟಣದ ಗುಂಬಜ್‌ವರೆಗೆ ಜನ ನೋಡಿದ್ದರು. ಕಟ್ಟುವ ಕುಶಲತೆ ಯಾವ ಧರ್ಮಕ್ಕೂ ಸೇರಿದ ಆಸ್ತಿಯಲ್ಲ. ಗುಮ್ಮಟ ಕಟ್ಟಿದರು, ಮೂಲೆಗೆ ನಂದಿ ಕೂರಿಸಿದರು, ಒಳಗೆ ಲಿಂಗ ಇಟ್ಟರು. ಅನುಮಾನ ಇದ್ದರೆ ಊರಿನೊಳಗಿನ ಓಂಕಾರೇಶ್ವರ ದೇವಸ್ಥಾನ ನೋಡಿ. ಅದನ್ನು ಲಿಂಗರಾಜರೇ ಕಟ್ಟಿಸಿದ್ದು, ಅದೂ 1820ರದೇ. ಅಲ್ಲೂ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಗೋಪುರ, ಎದುರಿಗೆ ಕೆರೆ, ಕೆರೆಯ ನಡುವೆ ಮಂಟಪ. ದೇವಸ್ಥಾನಕ್ಕೂ ಗದ್ದಿಗೆಗೂ ಒಂದೇ ಮುಖಲಕ್ಷಣ. ಎರಡನ್ನೂ ಒಂದೇ ದಿನ ನೋಡಿದರೆ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ.

ಬೈಕ್ ದಾರಿ

ಧನ್ಯವಾದ ಮೇಷ್ಟ್ರೇ. ಜೊತೆಗಾರನಿಗೂ ಇದನ್ನು ಕಳಿಸಿದೆ. ಸೆರೆಯಿಂದ ತಪ್ಪಿಸಿಕೊಂಡ ಕತೆ ಹೇಳಿ.

ಬಿಲ್ವಪತ್ರೆ

ಮೇಷ್ಟ್ರು ಹೇಳುವ ಮೊದಲು ನಾನೊಂದು ಮಾತು ಹೇಳಲಾ? ಮಹಾದೇವಪೇಟೆಯ ತಮ್ಮಾ, ತಪ್ಪು ತಿಳಿಯಬೇಡಿ. "ರಾಜರು ಮಲಗಿರುವ ಜಾಗ" ಅಂತ ಬರೆದಿದ್ದೀರಿ. ಮಲಗಿಲ್ಲ. ಕುಳಿತಿದ್ದಾರೆ.

ನಮ್ಮದು ಧಾರವಾಡದ ಕಡೆ. ಕೊಡಗು ಆಳಿದ ಈ ಹಾಲೇರಿ ಅರಸರೂ ನಮ್ಮ ಹಾಗೆ ಲಿಂಗಾಯತರು. ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂತ ಭಂಗಿಯಲ್ಲೇ ಕರೆದೊಯ್ಯುತ್ತೇವೆ. ಗುಂಡಿಯೊಳಗೆ ಗೂಡು ಮಾಡಿರುತ್ತಾರೆ. ಅದರಲ್ಲಿ ಕೂರಿಸುತ್ತಾರೆ. ಬದುಕಿದ್ದಾಗ ಎದೆಯ ಮೇಲಿದ್ದ ಇಷ್ಟಲಿಂಗವನ್ನು ಎಡಗೈಯಲ್ಲಿ ಇಡುತ್ತಾರೆ. ವಿಭೂತಿ, ಬಿಲ್ವಪತ್ರೆ ಹಾಕಿ ಮುಚ್ಚುತ್ತಾರೆ. ದಿನಾ ಬೆಳಿಗ್ಗೆ ಪೂಜೆಗೆ ಹೇಗೆ ಕೂರುತ್ತಿದ್ದರೋ ಹಾಗೆ. "ಲಿಂಗೈಕ್ಯ" ಅನ್ನುವುದು ಅದಕ್ಕೇ. ಗದ್ದಿಗೆ ಅಂದರೂ ಕೂರುವ ಪೀಠ ಅಂತಲೇ ಅರ್ಥ. ಸಿಂಹಾಸನಕ್ಕೂ ಗದ್ದಿಗೆ ಅನ್ನುತ್ತೇವೆ, ಸಮಾಧಿಗೂ ಗದ್ದಿಗೆ ಅನ್ನುತ್ತೇವೆ.

ನಮ್ಮ ಅಪ್ಪ ಹೋದಾಗ ನನಗೆ ಹದಿನಾಲ್ಕು. ಕುರ್ಚಿಯಲ್ಲಿ ಕೂತ ಅಪ್ಪನನ್ನು ನೋಡಿ ಭಯ ಆಗಿರಲಿಲ್ಲ. ಪೂಜೆಗೆ ಕೂತ ಹಾಗೇ ಇದ್ದರು. ಮಡಿಕೇರಿಗೆ ಬಂದು ಆ ಕಿಟಕಿಯಿಂದ ಒಳಗೆ ನೋಡಿದಾಗ ನನಗೆ ಅದೇ ನೆನಪಾಯಿತು. ಅರಸನಾದರೂ ಅಪ್ಪನ ಹಾಗೆ ಕೈಯಲ್ಲಿ ಲಿಂಗ ಹಿಡಿದು ಕೂತವನು.

ಮಹಾದೇವಪೇಟೆಯವ

ಅಕ್ಕಾ, ತಪ್ಪು ತಿಳಿಯುವುದೇನಿದೆ. ನಲವತ್ತು ವರ್ಷ ಆ ಹೆಸರು ಹೇಳಿಕೊಂಡು ಬೆಳೆದೆ. "ಗದ್ದಿಗೆ ಕಡೆ ಹೋಗಿ ಬಂದೆ", "ಗದ್ದಿಗೆ ಹತ್ತಿರ ಆಟೋ ನಿಲ್ಲಿಸು". ಆ ಪದದೊಳಗೆ ಇಷ್ಟಿದೆ ಅಂತ ಯೋಚಿಸಿರಲಿಲ್ಲ. ಮೇಲೆ ಬರೆದದ್ದನ್ನು ತಿದ್ದುವುದಿಲ್ಲ. ನಿಮ್ಮ ಮಾತಿನ ಜೊತೆಗೇ ಓದಲಿ. ಅಕ್ಕನ ಮಗಳಿಗೆ ನಿಮ್ಮ ಬರಹ ಓದಿ ಹೇಳಿದೆ. ಅವಳ ಪುಸ್ತಕದಲ್ಲಿ ಮೊದಲ ಸಾಲು ಈಗ "ರಾಜರು ಇಲ್ಲಿ ಕುಳಿತಿದ್ದಾರೆ" ಅಂತ ಇದೆ.

ನಿವೃತ್ತ ಮೇಷ್ಟ್ರು

ಸೆರೆಯ ಕತೆ ಕೇಳಿದ್ದರು. ಹೇಳುತ್ತೇನೆ.

ಹಾಲೇರಿ ಮನೆತನ ಸುಮಾರು 1600ರ ಹೊತ್ತಿಗೆ ಕೊಡಗಿನಲ್ಲಿ ಆಳ್ವಿಕೆ ಶುರು ಮಾಡಿತು. ಮೊದಲನೆಯವನು ಇಕ್ಕೇರಿ ಕಡೆಯಿಂದ ಜಂಗಮನಾಗಿ ಬಂದವನು ಅಂತ ಹೇಳಿಕೆ. 1681ರಲ್ಲಿ ಮುದ್ದುರಾಜ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದ. ನೂರು ವರ್ಷದ ನಂತರ ಹೈದರಾಲಿ ಕೊಡಗಿನ ಮೇಲೆ ಬಿದ್ದಾಗ ದೊಡ್ಡವೀರರಾಜ ಇನ್ನೂ ಹುಡುಗ. ತಮ್ಮಂದಿರ ಜೊತೆ ಅವನನ್ನು ಗೊರೂರಿನಲ್ಲಿ ಇಟ್ಟರು. ಟಿಪ್ಪು ಬಂದ ಮೇಲೆ ಪಿರಿಯಾಪಟ್ಟಣದ ಕೋಟೆಗೆ ಸಾಗಿಸಿದರು. ಅಲ್ಲಿಂದ 1788ರಲ್ಲಿ ತಪ್ಪಿಸಿಕೊಂಡ. ಕೊಡವರು ಜೊತೆಗೆ ನಿಂತರು. ಒಂದೊಂದೇ ಠಾಣೆ ವಾಪಸು ತೆಗೆದುಕೊಂಡ. 1790ರಲ್ಲಿ ಇಂಗ್ಲಿಷ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ.

ಕಕ್ಕಬ್ಬೆಯ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಇದೆಯಲ್ಲ, ಅದು ಅವನದೇ. 1792ರ ಹೊತ್ತಿನದು. ವಿರಾಜಪೇಟೆಯೂ ಅವನೇ ಕಟ್ಟಿಸಿದ ಊರು. 1796ರಲ್ಲಿ ಮಹಾದೇವಮ್ಮಾಜಿಯನ್ನು ಮದುವೆಯಾದದ್ದು ಆ ನಾಲ್ಕುನಾಡು ಅರಮನೆಯಲ್ಲೇ. ನಮ್ಮ ಮಹಾದೇವಪೇಟೆಯ ಹೆಸರು ಆ ರಾಣಿಯದೇ.

1807ರಲ್ಲಿ ರಾಣಿ ತೀರಿಕೊಂಡಳು. ಗಂಡು ಮಕ್ಕಳಿರಲಿಲ್ಲ. ಅಲ್ಲಿಂದ ರಾಜನ ಮನಸ್ಸು ಕೆಟ್ಟಿತು. ಯಾರನ್ನೂ ನಂಬದಾದ. 1809ರಲ್ಲಿ ಅವನೂ ಹೋದ. ಪುಟ್ಟ ಮಗಳು ದೇವಮ್ಮಾಜಿ ಪಟ್ಟಕ್ಕೆ ಬಂದಳು. ತಮ್ಮ ಲಿಂಗರಾಜ 1811ರಲ್ಲಿ ಅವಳನ್ನು ಸರಿಸಿ ತಾನೇ ರಾಜನಾದ.

ಈಗ ಗದ್ದಿಗೆಯ ಮುಂದೆ ನಿಂತು ನೋಡಿ. ಒಂದು ಗುಮ್ಮಟದ ಕೆಳಗೆ ಗಂಡ ಹೆಂಡತಿ. ಪಕ್ಕದ ಗುಮ್ಮಟದ ಕೆಳಗೆ ಅವರ ಮಗಳ ಪಟ್ಟ ಕಿತ್ತುಕೊಂಡ ತಮ್ಮ. ನಡುವೆ ನಾಲ್ಕು ಹೆಜ್ಜೆಯ ಹುಲ್ಲು. ನಾನು ಮೂವತ್ತು ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಇದನ್ನು ಹೇಳಿದ ಮೇಲೆ ಯಾವ ಮಗುವೂ ಓಡಾಡುತ್ತಿರಲಿಲ್ಲ.

ಕಾಫಿ ಕಣ

ನಮಸ್ಕಾರ. ನಾನು ಕೊಡವ. ಮಡಿಕೇರಿಯಿಂದ ಹದಿನೆಂಟು ಕಿಲೋಮೀಟರ್ ದೂರದಲ್ಲಿ ನಮ್ಮ ತೋಟ. ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಮನಸ್ಸು ಕೆಟ್ಟಿತು ಅನ್ನುವುದನ್ನು ಒಂದೇ ಸಾಲಿನಲ್ಲಿ ದಾಟಬೇಡಿ. ಆ ಕೊನೆಯ ವರ್ಷಗಳಲ್ಲಿ ರಾಜನ ಅನುಮಾನಕ್ಕೆ ಎಷ್ಟೋ ಮನೆಗಳು ನಾಶವಾದವು. ಚಿಕ್ಕವೀರರಾಜನ ಕಾಲ ಇನ್ನೂ ಕೆಟ್ಟದ್ದು. ನಮ್ಮ ಅಜ್ಜ ಗದ್ದಿಗೆಯ ಹತ್ತಿರ ಹೋದರೆ ಕೈ ಮುಗಿಯುತ್ತಿರಲಿಲ್ಲ. ಟೋಪಿ ತೆಗೆಯುತ್ತಿದ್ದರು, ಅಷ್ಟೇ. ಕೋಟೆಯೊಳಗಿನ ಎರಡು ಕಲ್ಲಾನೆಗಳನ್ನು ನೋಡಿದ್ದೀರಲ್ಲ? ಸಿಟ್ಟಿನಲ್ಲಿ ಸ್ವಂತ ಆನೆಗಳನ್ನು ಕೊಲ್ಲಿಸಿ, ಆಮೇಲೆ ಮರುಗಿ ದೊಡ್ಡವೀರರಾಜ ಅವನ್ನು ನಿಲ್ಲಿಸಿದ ಅಂತ ನಮ್ಮಲ್ಲಿ ಹೇಳುತ್ತಾರೆ. ಆನೆಗಾದರೂ ಕಲ್ಲು ನಿಂತಿತು. ಸತ್ತ ಜನರಿಗೆ?

ಅದಕ್ಕೇ ನಾನು ಗದ್ದಿಗೆಗೆ ಹೋದರೆ ಮೊದಲು ಬಿದ್ದಂಡ ಬೋಪು ಅವರ ಸಮಾಧಿಗೆ ಹೋಗುತ್ತೇನೆ. ಸೈನ್ಯದ ಮುಖ್ಯಸ್ಥರು. ಟಿಪ್ಪುವಿನ ಸೈನ್ಯದ ವಿರುದ್ಧ ಹೋರಾಡಿ ಜೀವ ಕೊಟ್ಟವರು. ದೊಡ್ಡ ಗುಮ್ಮಟ ಇಲ್ಲ, ಸಣ್ಣದು. ಆ ಎರಡು ಗುಮ್ಮಟ ಎದ್ದು ನಿಂತದ್ದು ಇಂಥವರ ಹೆಗಲ ಮೇಲೆ. ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಪಕ್ಕದಲ್ಲಿ ಹಿರಿಯರ ಗುಡಿ ಕೈಮಡ ಇದೆ. ಒಕ್ಕದ (ನಮ್ಮ ಕುಟುಂಬದ) ಮೂಲಪುರುಷ ಗುರುಕಾರಣನಿಗೆ ಅಲ್ಲಿ ದೀಪ ಇಡುತ್ತೇವೆ. ಬೋಪು ಅವರ ಮುಂದೆ ನಿಂತಾಗ ನನಗೆ ಕೈಮಡದ ಮುಂದೆ ನಿಂತ ಹಾಗೆ ಆಗುತ್ತದೆ.

ಮಹಾದೇವಪೇಟೆಯವರು ಆ ಸಮಾಧಿಗಳ ಬಗ್ಗೆ ಬರೆದದ್ದಕ್ಕೆ ಸಂತೋಷ. ಅದಿಲ್ಲದಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ.

ಮಹಾದೇವಪೇಟೆಯವ

ಅಣ್ಣಾ, ನೀವು ಬರೆದದ್ದು ಒಳ್ಳೆಯದಾಯಿತು. ರಾಜರು ಒಳ್ಳೆಯವರಾಗಿದ್ದರು, ಅದಕ್ಕೆ ಹೋಗಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಅಜ್ಜನ ಹಾಗೆ ಟೋಪಿ ಮಾತ್ರ ತೆಗೆದರೂ ಸರಿ. ಆದರೆ ಯಾರ ಮುಂದೆ ತೆಗೆಯುತ್ತಿದ್ದೇವೆ ಅಂತ ಗೊತ್ತಿರಲಿ. ನಿಮ್ಮ ಅಜ್ಜನಿಗೆ ಗೊತ್ತಿತ್ತು. ಐದು ನಿಮಿಷದಲ್ಲಿ ಫೋಟೋ ತೆಗೆದು ಹೋಗುವವರಿಗೆ ಕೈ ಮುಗಿಯೋಕೂ ಕಾರಣ ಇಲ್ಲ, ಮುಗಿಯದೇ ಇರೋಕೂ ಕಾರಣ ಇಲ್ಲ.

ಬಿಲ್ವಪತ್ರೆ

ಕಾಫಿ ಕಣ ಅಣ್ಣನ ಮಾತಿಗೆ ನನ್ನ ಸಣ್ಣ ಉತ್ತರ. ನಾನು ಗದ್ದಿಗೆಗೆ ಕೈ ಮುಗಿಯುತ್ತೇನೆ. ಮುಗಿಯುವುದು ಆ ಅರಸನ ಕೈಯಲ್ಲಿರುವ ಲಿಂಗಕ್ಕೆ. ಅವನು ಮಾಡಿದ್ದಕ್ಕಲ್ಲ.

ಕಾಫಿ ಕಣ

ಒಪ್ಪಿದೆ ಅಕ್ಕಾ.

ಕುಶಾಲನಗರದಿಂದ

ಎಲ್ಲರೂ ದೊಡ್ಡ ವಿಷಯ ಮಾತಾಡುತ್ತಿದ್ದೀರಿ. ನನ್ನದು ಸಣ್ಣ ಪ್ರಶ್ನೆ. ಅಮ್ಮನಿಗೆ ಎಪ್ಪತ್ತೆರಡು. ಮಂಡಿ ನೋವು. ಇದನ್ನು ಓದಿ ಹೇಳಿದ ಮೇಲೆ "ನನ್ನನ್ನೂ ಕರೆದುಕೊಂಡು ಹೋಗು" ಅನ್ನುತ್ತಿದ್ದಾರೆ. ತುಂಬಾ ಹತ್ತಬೇಕಾ? ಯಾವಾಗ ಬಂದರೆ ಒಳ್ಳೆಯದು?

ಮಹಾದೇವಪೇಟೆಯವ

ಖಂಡಿತ ಕರೆದುಕೊಂಡು ಬನ್ನಿ. ಪೇಟೆಯಿಂದ ನಡೆದೇ ಬರುವಷ್ಟು ಹತ್ತಿರ, ಆದರೆ ದಾರಿ ಏರು. ಅಮ್ಮನಿಗೆ ಬೇಡ. ಆಟೋದವರಿಗೆ "ಗದ್ದಿಗೆ" ಅಂದರೆ ಸಾಕು, ಹತ್ತಿರಕ್ಕೆ ಬಿಡುತ್ತಾರೆ. ಅಲ್ಲಿಂದ ನಿಧಾನ ನಡೆದರೆ ಆಯಿತು. ಕಟ್ಟಡಗಳು ಎತ್ತರದ ಜಗತಿಯ ಮೇಲಿವೆ. ಮೆಟ್ಟಿಲು ಆಗದಿದ್ದರೆ ಕೆಳಗಿನಿಂದಲೇ ಸುತ್ತು ಬರಬಹುದು. ಚಪ್ಪಲಿ ಕೆಳಗೆ ಬಿಡಿ. ಕಲ್ಲು ತಣ್ಣಗಿರುತ್ತದೆ, ಅಮ್ಮನಿಗೆ ಕಾಲುಚೀಲ ತಂದಿರಿ. ನೆನೆದ ಕಲ್ಲಿನ ಮೇಲೆ ಮಾತ್ರ ಕಾಲುಚೀಲ ಜಾರುತ್ತದೆ, ಕೈ ಹಿಡಿದುಕೊಳ್ಳಿ.

ಕಕ್ಕಡದಲ್ಲಿ ಬೇಡ. ಜುಲೈ ಆಗಸ್ಟ್‌ನಲ್ಲಿ ಕೊಡೆ ನಿಲ್ಲುವುದಿಲ್ಲ, ಹುಲ್ಲಿನಲ್ಲಿ ಜಿಗಣೆ. ತುಲಾ ಸಂಕ್ರಮಣ ಕಳೆದ ಮೇಲೆ ಬನ್ನಿ. ಮಳೆ ಹಿಂದೆ ಸರಿದಿರುತ್ತದೆ, ಹಸಿರು ಇನ್ನೂ ಇರುತ್ತದೆ. ಬೆಳಿಗ್ಗೆ ಬೇಗ ಬಂದರೆ ಮಂಜು, ಹತ್ತು ಗಂಟೆಗೆ ಬಂದರೆ ಬೆಟ್ಟ. ಎರಡೂ ಬೇಕಾದರೆ ಎಂಟೂವರೆಗೆ ಬಂದು ಕಾಯಿರಿ. ಮಂಜು ಬಿಡುವುದನ್ನು ಅಲ್ಲಿ ಕೂತೇ ನೋಡಬೇಕು. ಮೊದಲು ನಂದಿಯ ಬೆನ್ನಿಗೆ ಬಿಸಿಲು ಬೀಳುತ್ತದೆ.

ಗಾರೆ ಕೆಲಸ

ನಮಸ್ಕಾರ. ನಾನು ಹಳೇ ಮನೆಗಳ ಗೋಡೆ ರಿಪೇರಿ ಮಾಡುವವನು. ಇಪ್ಪತ್ತು ವರ್ಷದ ಅನುಭವ. ಗದ್ದಿಗೆಯ ಗೋಡೆ ನೋಡುವಾಗ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಅದನ್ನೂ ಹೇಳಿಬಿಡುತ್ತೇನೆ.

ಆ ಕಾಲದ ಗಾರೆ ಅಂದರೆ ಸುಣ್ಣ ಮತ್ತು ಮರಳು. ಸುಣ್ಣವನ್ನು ದಿನಗಟ್ಟಲೆ ನೀರಿನಲ್ಲಿ ಕೊಳೆ ಹಾಕಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸುವ ಪದ್ಧತಿ ಇತ್ತು. ಇಂಥ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಉಸಿರಾಡುತ್ತದೆ ಅನ್ನುತ್ತೇವೆ. ಮಡಿಕೇರಿಯಂಥ ಮಳೆಯಲ್ಲಿ ಇನ್ನೂರು ವರ್ಷ ನಿಂತಿರುವುದು ಅದಕ್ಕೇ. ಇಂಥ ಗೋಡೆಯ ಮೇಲೆ ಸಿಮೆಂಟ್ ಬಳಿದರೆ ಕೆಲಸ ಕೆಡುತ್ತದೆ. ಒಳಗಿನ ನೀರಿಗೆ ಹೊರಗೆ ಬರುವ ದಾರಿ ಇರುವುದಿಲ್ಲ. ಎರಡು ಮೂರು ಮಳೆಗಾಲ ಸಿಮೆಂಟ್ ಚೆನ್ನಾಗಿ ಕಾಣುತ್ತದೆ. ಆಮೇಲೆ ಹಳೇ ಗಾರೆಯನ್ನೂ ಕಿತ್ತುಕೊಂಡು ಹಪ್ಪಳದ ಹಾಗೆ ಉದುರುತ್ತದೆ. ಕೊಡಗಿನ ಎಷ್ಟೋ ಹಳೇ ಮನೆಗಳಲ್ಲಿ ನೋಡಿದ್ದೇನೆ, ಕೈಯಾರೆ ಕಿತ್ತು ಮತ್ತೆ ಸುಣ್ಣ ಹಾಕಿದ್ದೇನೆ. ನಿಮ್ಮ ಮನೆ ಹಳೇದಾಗಿದ್ದರೆ ಇದನ್ನು ನೆನಪಿಡಿ.

ಹಸಿರು ಪಾಚಿ ನೋಡಿ ಜನ ಹೆದರುತ್ತಾರೆ. ಪಾಚಿಗಿಂತ ದೊಡ್ಡ ಶತ್ರು ಸಣ್ಣ ಅರಳಿ ಗಿಡ. ಹಕ್ಕಿ ಹಣ್ಣು ತಿಂದು ಗುಮ್ಮಟದ ಮೇಲೆ ಕೂರುತ್ತದೆ. ಬೀಜ ಬಿರುಕಿಗೆ ಬೀಳುತ್ತದೆ. ಅರಳಿ, ಅತ್ತಿ, ಬಸರಿ, ಇವು ಮಣ್ಣೇ ಇಲ್ಲದಿದ್ದರೂ ಹುಟ್ಟುತ್ತವೆ. ಎರಡು ಎಲೆ ಇದ್ದಾಗ ಬೆರಳಲ್ಲಿ ತೆಗೆಯಬಹುದು. ಕೈಯುದ್ದ ಬೆಳೆದರೆ ಬೇರು ಇಟ್ಟಿಗೆಯ ಸಂದಿಗೆ ಇಳಿದಿರುತ್ತದೆ. ಆಗ ಎಳೆದರೆ ಗಾರೆಯೂ ಜೊತೆಗೆ ಬರುತ್ತದೆ. ಮೇಲೆ ಮಾತ್ರ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಇನ್ನೂ ದಪ್ಪವಾಗಿ. ಬೇರು ಸಾಯುವ ಹಾಗೆ ಮಾಡಿ, ಒಣಗಿದ ಮೇಲೆ ಬಿಡಿಸಿ, ಆ ಜಾಗಕ್ಕೆ ಸುಣ್ಣದ ಗಾರೆ ತುಂಬಬೇಕು. ಅದು ತಿಳಿದವರ ಕೆಲಸ. ಜಾಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ನಾವು ನೀವು ಕೈ ಹಾಕಬಾರದು. ನೋಡಿದವರು ತಿಳಿಸಬಹುದು.

ಇನ್ನೊಂದು. ಗೋಡೆಯ ಮೇಲೆ ಕೀಲಿಕೈಯಿಂದ ಹೆಸರು ಕೆರೆಯುತ್ತಾರಲ್ಲ, ಅದು ಬರೀ ಅಂದ ಕೆಡುವ ವಿಷಯ ಅಲ್ಲ. ಸುಣ್ಣದ ಮೇಲ್ಪದರ ಒಡೆದ ಕಡೆ ನೀರು ಒಳಗೆ ಹೋಗುತ್ತದೆ. ಹೃದಯದ ಚಿತ್ರ ಬಿಡಿಸಿದ ಜಾಗವೇ ನಾಲ್ಕು ವರ್ಷದ ಮೇಲೆ ಕಳಚಿ ಬೀಳುತ್ತದೆ. ಇದನ್ನು ಮಕ್ಕಳಿಗೆ ಹೇಳಿ. ಬೈಯುವುದಕ್ಕಿಂತ ಕಾರಣ ಹೇಳಿದರೆ ಕೇಳುತ್ತಾರೆ.

ನಿವೃತ್ತ ಮೇಷ್ಟ್ರು

ಗಾರೆಯವರೇ, ಇಂಥ ಪಾಠ ನನ್ನ ಕ್ಲಾಸಿನಲ್ಲೂ ನಡೆಯಲಿಲ್ಲ. ನನ್ನ ಶಿಷ್ಯರಿಗೆಲ್ಲ ಕಳಿಸುತ್ತೇನೆ.

ಬೈಕ್ ದಾರಿ

ಒಂದು ಅನುಮಾನ ಉಳಿದಿದೆ. ದೊಡ್ಡವೀರರಾಜ ಇದ್ದಾನೆ, ಲಿಂಗರಾಜ ಇದ್ದಾನೆ. ಅಪ್ಪನ ಗದ್ದಿಗೆ ಕಟ್ಟಿಸಿದ ಚಿಕ್ಕವೀರರಾಜ ಎಲ್ಲಿ?

ನಿವೃತ್ತ ಮೇಷ್ಟ್ರು

ಈ ಪ್ರಶ್ನೆ ಬರಲಿ ಅಂತಲೇ ಕಾಯುತ್ತಿದ್ದೆ.

ಅವನು ಇಲ್ಲಿಲ್ಲ. 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಮಡಿಕೇರಿಗೆ ಬಂತು. ರಾಜ ಶರಣಾದ. ಕೊಡಗು ಕಂಪನಿಯ ಪಾಲಾಯಿತು. ಅವನನ್ನು ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳಿಸಿದರು. ಕಾಶಿಯಲ್ಲೇ ಮಗಳು ಗೌರಮ್ಮ ಹುಟ್ಟಿದಳು. 1852ರಲ್ಲಿ ಅವಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಕಂಪನಿ ಹಿಡಿದಿಟ್ಟುಕೊಂಡ ತನ್ನ ಮನೆತನದ ಹಣ ಬಿಡಿಸಿಕೊಳ್ಳಬೇಕಿತ್ತು. ಆ ವರ್ಷ ಜೂನ್ 30ರಂದು ಗೌರಮ್ಮನಿಗೆ ಕ್ರೈಸ್ತ ದೀಕ್ಷೆ ಆಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಹುಡುಗಿಗೆ ವಿಕ್ಟೋರಿಯಾ ಗೌರಮ್ಮ ಅಂತ ಹೆಸರಾಯಿತು. ರಾಜ 1859ರಲ್ಲಿ ಲಂಡನ್‌ನಲ್ಲಿ ತೀರಿಕೊಂಡ. ಹಣ ಕೈಗೆ ಬರಲಿಲ್ಲ, ಕೊಡಗು ಮತ್ತೆ ಕಾಣಲಿಲ್ಲ. ಮಗಳು ಕ್ಷಯ ಬಂದು 1864ರಲ್ಲಿ ಹೋದಳು. ಅವಳ ಸಮಾಧಿ ಲಂಡನ್‌ನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ರಾಜಗುರುವಿನ ಗದ್ದಿಗೆಯ ವರ್ಷ ಇನ್ನೊಮ್ಮೆ ನೋಡಿ. 1834. ರಾಜ್ಯ ಹೋದ ವರ್ಷವೇ ಇಲ್ಲಿ ಎದ್ದ ಕೊನೆಯ ಗುಮ್ಮಟ ಅದು.

ಕಾಫಿ ಕಣ ಹೇಳಿದ ಹಾಗೆ ಆ ರಾಜ ಕ್ರೂರಿ. ಅದನ್ನು ಮುಚ್ಚಿಡಬಾರದು. ಅಷ್ಟಾದರೂ 1837ರಲ್ಲಿ ಸುಳ್ಯದ ಕಡೆಯಿಂದ ಜನ ದಂಗೆ ಎದ್ದಾಗ ಹಾಲೇರಿ ಅರಸರ ಹೆಸರು ಹೇಳಿಯೇ ಎದ್ದರು. ಮಂಗಳೂರಿನವರೆಗೆ ಹೋಗಿ ಬಾವುಟ ಹಾರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೆ ಹಾಕಿದ್ದು ಆ ಕಾರಣಕ್ಕೇ, 1837ರ ಅಕ್ಟೋಬರ್ 31ರಂದು. ಕೆಟ್ಟ ರಾಜನೇ ಆದರೂ ನಮ್ಮ ರಾಜ ಅಂತ ಜನ ಅಂದುಕೊಂಡರೋ, ಕಂಪನಿಯ ಕಂದಾಯದ ಮೇಲಿನ ಸಿಟ್ಟೇ ಜಾಸ್ತಿಯಾಗಿತ್ತೋ. ಎರಡೂ ಇತ್ತು ಅಂತ ನನ್ನ ಅಭಿಪ್ರಾಯ.

ಕಾಫಿ ಕಣ

ಗೌರಮ್ಮನ ವಿಷಯ ಓದಿದಾಗಲೆಲ್ಲ ಅಜ್ಜನ ಸಿಟ್ಟು ನನ್ನಲ್ಲಿ ಸ್ವಲ್ಪ ಇಳಿಯುತ್ತದೆ. ಹನ್ನೊಂದು ವರ್ಷದ ಮಗು. ಅವಳಿಗೆ ಮಡಿಕೇರಿಯ ಮಂಜು ಹೇಗಿರುತ್ತದೆ ಅಂತಲೂ ಗೊತ್ತಿರಲಿಲ್ಲ.

ಕುಶಾಲನಗರದಿಂದ

ಎಲ್ಲರಿಗೂ ಮತ್ತೆ ನಮಸ್ಕಾರ. ತುಲಾ ಸಂಕ್ರಮಣ ಕಳೆದ ಮೇಲೆ ಬನ್ನಿ ಅಂದಿದ್ದಿರಿ. ನಿನ್ನೆ ಅಮ್ಮನನ್ನು ಕರೆದುಕೊಂಡು ಹೋಗಿ ಬಂದೆ.

ಎಂಟೂವರೆಗೆ ತಲುಪಿದೆವು. ಮಂಜು ಇತ್ತು. ಅಮ್ಮ ಮೆಟ್ಟಿಲು ಹತ್ತಿದರು, ನಾನು ಬೇಡ ಅಂದರೂ ಕೇಳಲಿಲ್ಲ. ಬಾಗಿಲು ಮುಚ್ಚಿತ್ತು. ಕಿಟಕಿಯ ಹತ್ತಿರ ಕೈ ಮುಗಿದು ನಿಂತರು. ನಮ್ಮ ಮನೆಯ ದಾಸವಾಳ ಎರಡು ತಂದಿದ್ದರು, ಹೊಸ್ತಿಲ ಬಳಿ ಇಟ್ಟರು. ಆಮೇಲೆ ಲಿಂಗರಾಜರ ಕಡೆಗೆ ಹೋಗಲಿಲ್ಲ. "ಆ ಹೆಣ್ಣುಮಗುವಿನ ಪಟ್ಟ ಕಿತ್ತುಕೊಂಡವನು" ಅಂದರು. ಮೇಷ್ಟ್ರ ಪಾಠ ಅಮ್ಮನಿಗೆ ಚೆನ್ನಾಗಿ ನೆನಪಿತ್ತು. ಬೋಪು ಅವರ ಸಮಾಧಿಯವರೆಗೆ ನನ್ನ ಕೈ ಹಿಡಿದು ನಡೆದರು. ಅಲ್ಲಿ ಕಲ್ಲಿನ ಮೇಲೆ ಕೂತೆವು. ಮನೆಯಿಂದ ತಂದ ಕಾಫಿ ಕುಡಿಯೋಣ ಅಂದರೆ "ಇಲ್ಲಿ ಬೇಡ, ಕೆಳಗೆ ಹೋಗಿ ಕುಡಿಯೋಣ" ಅಂದರು. ಒಂಬತ್ತು ಮುಕ್ಕಾಲಿಗೆ ಮಂಜು ಬಿಟ್ಟಿತು. ನಂದಿಯ ಬೆನ್ನಿನ ಮೇಲೆ ಬಿಸಿಲು ಬಿದ್ದದ್ದನ್ನು ಅಮ್ಮನೇ ಮೊದಲು ನೋಡಿದರು.

ಇಳಿಯುವಾಗ "ಮಗ ಇಲ್ಲಿಲ್ಲವಲ್ಲ" ಅಂದರು. ಮನೆಗೆ ಬಂದ ಮೇಲೂ ರಾತ್ರಿ ಒಂದು ಸಲ ಅಂದರು.

ಗಾರೆ ಕೆಲಸದ ಅಣ್ಣ, ನಿಮಗೊಂದು ವಿಷಯ. ಹಿಂದಿನ ಕಡೆ ಒಂದು ಮೂಲೆಯಲ್ಲಿ, ಸೂರಿನ ಕೆಳಗೆ, ಸಣ್ಣ ಗಿಡ ಕಂಡಿತು. ಎಲೆಯ ತುದಿ ಬಾಲದ ಹಾಗೆ ಉದ್ದ ಇತ್ತು. ಫೋಟೋ ಹಾಕಿದ್ದೇನೆ. ಅರಳಿಯಾ?

ಗಾರೆ ಕೆಲಸ

ಅರಳಿಯೇ ಅಕ್ಕಾ. ನಾಲ್ಕು ಎಲೆ ಕಾಣುತ್ತಿದೆ. ಈ ಮಳೆಗಾಲದಲ್ಲಿ ಹುಟ್ಟಿದ್ದು, ಬೇರು ಇನ್ನೂ ಆಳಕ್ಕೆ ಹೋಗಿರುವುದಿಲ್ಲ. ಈಗ ತೆಗೆದರೆ ಸುಲಭ. ಬರುವ ಮಳೆಗಾಲದವರೆಗೆ ಬಿಟ್ಟರೆ ಕಷ್ಟ.

ಮಹಾದೇವಪೇಟೆಯವ

ಫೋಟೋ ಇಟ್ಟುಕೊಂಡೆ. ಯಾವ ಕಟ್ಟಡ, ಯಾವ ಮೂಲೆ ಅಂತ ಗುರುತು ಹಾಕಿ ಇಲಾಖೆಗೆ ಪತ್ರ ಬರೆಯುತ್ತೇನೆ. ಗಾರೆಯವರೇ, ಏನು ಬರೆಯಬೇಕು ಅಂತ ನೀವು ಎರಡು ಸಾಲು ಕಳಿಸಿ, ಸುಣ್ಣದ ವಿಷಯವನ್ನೂ ಸೇರಿಸಿ. ಮೇಷ್ಟ್ರೇ, ಕಾಫಿ ಕಣ ಅಣ್ಣಾ, ಸಹಿಗೆ ನೀವಿಬ್ಬರೂ ಬೇಕು. ಶನಿವಾರ ನಾನು ಊರಿನಲ್ಲಿರುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಬೋಪು ಅವರ ಸಮಾಧಿಯ ಹತ್ತಿರ ಸಿಗೋಣ.

ಕಾಫಿ ಕಣ

ಬರುತ್ತೇನೆ. ಮೊಮ್ಮಗನನ್ನೂ ಕರೆತರುತ್ತೇನೆ.